ಕೆಂಗೇರಿಗೆ, ಒಂದು ಮಗುವನ್ನು ನೋಡಲು

ಹೋದ ಭಾನುವಾರ ಬೆಳಿಗ್ಗೆ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೊರಟೆ. ಮಳೆ ಆಗಷ್ಟೇ ನಿಂತಿತ್ತು. "ನೆಂಟರ ಮನೆಗಾ?" ಎಂದು ಪಕ್ಕದ ಸೀಟಿನ ಹೆಂಗಸು ಕೇಳಿದರು. ಹೂಂ ಎಂದೆ. ನೆಂಟರೇನಲ್ಲ, ಆದರೆ ಬೇರೆ ಏನೆಂದು ಹೇಳಬೇಕೋ ತಿಳಿಯಲಿಲ್ಲ.

ನಾನು ಸಾಂಕ್ರಾಮಿಕ ರೋಗಗಳ ಸಂಶೋಧಕಿ. ಗರ್ಭಿಣಿಗೆ ಕೊಡುವ ನಾಯಿಕೆಮ್ಮಿನ ಲಸಿಕೆ, ಹುಟ್ಟಿದ ಮಗುವನ್ನು ಮೊದಲ ತಿಂಗಳುಗಳಲ್ಲಿ ಎಷ್ಟು ಕಾಯುತ್ತದೆ ಎಂದು ನಮ್ಮ ತಂಡ ಅಧ್ಯಯನ ಮಾಡುತ್ತಿತ್ತು. ಆಗ ಮಾರೇನಹಳ್ಳಿಯಲ್ಲಿದ್ದ ರೂಪಾ ಎರಡನೇ ಬಸುರಿನಲ್ಲಿ ಅದಕ್ಕೆ ಸೇರಿದಳು. ಅವಳ ಮೊದಲ ಮಗ, ಲಸಿಕೆ ಹಾಕಿಸುವ ವಯಸ್ಸು ಬರುವ ಮೊದಲೇ, ನಾಯಿಕೆಮ್ಮಿನಿಂದ ತೀರಿಕೊಂಡಿದ್ದ.

ಅನ್ವಿತಾ ಹುಟ್ಟಿದ ಮೇಲೆ, ಮಗು ಕೆಮ್ಮಿದಾಗಲೆಲ್ಲ ರೂಪಾ ಫೋನ್ ಮಾಡುತ್ತಿದ್ದಳು. ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದು, "ಕೇಳಿ ಮೇಡಂ, ಅದೇನಾ?" ಎನ್ನುವಳು. ನಾನು ಉಸಿರು ಬಿಗಿಹಿಡಿದು ಕೇಳಿ, "ಹಾಗನ್ನಿಸಲ್ಲ ಕಣೇ. ಆದ್ರೂ ಡಾಕ್ಟ್ರಿಗೆ ತೋರಿಸ್ಬಿಡು" ಎನ್ನುತ್ತಿದ್ದೆ. ಅಧ್ಯಯನ ಮುಗಿಯಿತು. ಅವರು ಕೆಂಗೇರಿಗೆ ಮನೆ ಬದಲಾಯಿಸಿದರು. ಫೋನ್ ನಿಂತಿತು. ನಿಂತದ್ದು ಒಳ್ಳೆಯದೇ. ಆದರೂ ಅಡುಗೆ ಮಾಡುವಾಗಲೋ ಮೀಟಿಂಗಿನಲ್ಲೋ ಆ ಮಗು ನೆನಪಾಗಿ ಮನಸ್ಸು ಎಳೆಯುತ್ತಿತ್ತು. ಕಡೆಗೆ ನಾನೇ ಫೋನ್ ಮಾಡಿ ವಿಳಾಸ ಕೇಳಿಕೊಂಡೆ.

ಜ್ಞಾನಭಾರತಿ ದಾಟಿದ ಮೇಲೆ ಬಿಸಿಲು ಬಂತು. ಕೆಂಗೇರಿಯಲ್ಲಿ ಇಳಿದು ಆಟೋ ಹಿಡಿದೆ. ರಸ್ತೆ ಅಗೆದಿದ್ದರು. "ಇಲ್ಲಿಂದ ನಡ್ಕೊಂಡ್ ಹೋಗ್ಬಿಡಿ ಮೇಡಂ, ಗಾಡಿ ಹೋಗಲ್ಲ" ಎಂದ ಡ್ರೈವರ್. ಕೆಸರು ತುಳಿಯುತ್ತಾ ಮನೆ ಹುಡುಕಿದೆ.

ಈಗ ನಾಲ್ಕು ವರ್ಷದವಳಾದ ಅನ್ವಿತಾ ಅಮ್ಮನ ಬೆನ್ನ ಹಿಂದೆ ಅವಿತುಕೊಂಡಳು. "ಯಾರಮ್ಮಾ ಇವ್ರು?"

"ನೀನು ನನ್ನ ಹೊಟ್ಟೇಲಿದ್ದಾಗ್ಲಿಂದ ಗೊತ್ತು ಕಣೇ ಇವ್ರಿಗೆ!" ಎಂದು ರೂಪಾ ನಕ್ಕಳು. ಅಧ್ಯಯನದ ತಪಾಸಣೆಗೆ ಬಂದಾಗಲೆಲ್ಲ ನನ್ನ ತೋಳಲ್ಲಿ ನಿದ್ದೆ ಹೋಗುತ್ತಿದ್ದ ಕೂಸು ಈಗ ನನ್ನನ್ನು ಅಪರಿಚಿತಳಂತೆ ನೋಡುತ್ತಿತ್ತು.

ರೂಪಾ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಆಡುತ್ತಿದ್ದ ಅನ್ವಿತಾ ಇದ್ದಕ್ಕಿದ್ದಂತೆ ಕೆಮ್ಮಿದಳು. ನಾನು ದಡಕ್ಕನೆ ಎದ್ದೆ. ರೂಪಾ ತಿರುಗಿಯೂ ನೋಡದೆ, "ನೀರ್ ಕುಡಿ ಪುಟ್ಟಿ" ಎಂದು ರೊಟ್ಟಿ ಮಗುಚಿದಳು. ಕೆಮ್ಮು ಅಲ್ಲಿಗೇ ನಿಂತಿತು. ಅವಳಿಗೆ ಈ ನೆಮ್ಮದಿ ಸಿಗಲೆಂದೇ ಅಷ್ಟು ದಿನ ದುಡಿದವಳು ನಾನು. ಆದರೂ ಅವಳು ನನ್ನನ್ನು ಏನೂ ಕೇಳಲಿಲ್ಲವಲ್ಲ ಎಂದುಕೊಳ್ಳುತ್ತಾ ಮತ್ತೆ ಕುಳಿತೆ.

ಊಟವಾದ ಮೇಲೆ ರೂಪಾ ಮೆಲ್ಲಗೆ ಕೇಳಿದಳು: "ಮೇಡಂ, ಅವನು ಹೊಟ್ಟೇಲಿದ್ದಾಗ್ಲೇ ನಾನು ಆ ಸೂಜಿ ಹಾಕಿಸ್ಕೊಂಡಿದ್ರೆ?"

"ಉಳೀತಿದ್ದ ಅಂತ ಖಂಡಿತವಾಗಿ ಹೇಳಕ್ಕಾಗಲ್ಲ ಕಣೇ. ಉಳೀಬಹುದಿತ್ತೇನೋ. ಆದ್ರೆ ಆಗ ನಿಂಗೆ ಯಾರೂ ಹೇಳಿರ್ಲಿಲ್ಲ. ನಿನ್ನ ತಪ್ಪಲ್ಲ."

ಅವಳು ಹಜಾರದ ಕಡೆ ತಿರುಗಿದಳು. "ಇವಳ ಜೊತೆ ಆಡ್ಕೊಂಡಿರ್ತಿದ್ದ" ಎಂದಳು. ಹಜಾರದಲ್ಲಿ ಅನ್ವಿತಾ ಪುಟ್ಟ ತಟ್ಟೆಗಳನ್ನು ಹರಡಿಕೊಂಡು ಒಬ್ಬಳೇ ಅಡುಗೆ ಆಟ ಆಡುತ್ತಿದ್ದಳು. ಇಬ್ಬರೂ ಅವಳನ್ನೇ ನೋಡುತ್ತಾ ಕುಳಿತೆವು.

ಹೊರಟಾಗ ಅನ್ವಿತಾ ನನ್ನ ಬೆರಳು ಹಿಡಿದು ಬೀದಿಯ ತಿರುವಿನವರೆಗೂ ಬಂದಳು. "ನಾಳೆನೂ ಬರ್ತೀರಾ ಆಂಟಿ?"

ರೈಲು ಮೇಲ್ಸೇತುವೆಯ ಮೇಲೆ ಹೊರಟಿತು. ಕೆಳಗಿನ ಮನೆಗಳಲ್ಲಿ ಅವರದು ಯಾವುದೆಂದು ಗುರುತು ಸಿಗಲಿಲ್ಲ. ಆದರೂ ನಾಯಂಡಹಳ್ಳಿ ಬರುವ ತನಕ ಆ ದಿಕ್ಕಿಗೇ ನೋಡುತ್ತಿದ್ದೆ.