ಭಟ್ಟಿಯೊಳಗಿನ ಬಿಸಿಲು

ಖಾನಾಪುರದ ಹತ್ತಿರದ ಹಲಸಿಯ ಗುಡಿ ನೋಡಿ ಬರುತ್ತೇನೆಂದು ಅವ್ವನಿಗೆ ಹೇಳಿ ಹುಬ್ಬಳ್ಳಿಯಿಂದ ಬೆಳಗಿನ ಬಸ್ಸು ಹತ್ತಿದೆ. ಎಂಬತ್ತನೇ ಇಸವಿಯ ಆಸುಪಾಸಿನ ಭಾದ್ರಪದ. ಮಳೆ ಹೋದಹಾಗೆ ಮಾಡಿ ಮತ್ತೆ ಬರುತ್ತಿತ್ತು. ಬೆಳಗಾವಿ ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಅವಲಕ್ಕಿ ತಿಂದು, ಎರಡೂವರೆ ರೂಪಾಯಿ ಟಿಕೆಟ್ ತೆಗೆಸಿ ಖಾನಾಪುರದ ಬಸ್ಸಿನಲ್ಲಿ ಕುಳಿತೆ. ಪೀರನವಾಡಿ ದಾಟುವಷ್ಟರಲ್ಲಿ ಕಿಟಕಿ ಸೋರಿ ಅರ್ಧ ಅಂಗಿ ತೊಯ್ದಿತ್ತು. ಸುಳ್ಳು ಹೇಳಿ ಹೊರಟವನಿಗೆ ಇಷ್ಟಾದರೂ ಆಗಬೇಕಲ್ಲ ಎಂದುಕೊಂಡೆ.

ಹೊರಟದ್ದು ಸಿನಿಮಾ ನೋಡಲು. ಕಾಲೇಜಿನ ಗೆಳೆಯ ಪಾಂಡುರಂಗ ಕಾರ್ಡು ಬರೆದು ಕರೆದಿದ್ದ. ವರ್ಷಕ್ಕೊಮ್ಮೆ ನಮ್ಮಂಥವರು, ಎಂದರೆ ಗಂಡಸನ್ನೇ ಮೆಚ್ಚಿದ ಗಂಡಸರು, ಹೆಂಗಸನ್ನೇ ಮೆಚ್ಚಿದ ಹೆಂಗಸರು, ದೇವಿಯ ಹೆಸರಲ್ಲಿ ಸೀರೆ ಉಟ್ಟ ಜೋಗಪ್ಪಗಳು, ತಾವೇ ಮಾಡಿದ ಚಿತ್ರ ತೋರಿಸುವ ಹಬ್ಬವದು. ಕ್ಯಾಮೆರಾ ಯಾರ ಹತ್ತಿರವೂ ಇರಲಿಲ್ಲ. ಬೆಳಗಾವಿಯ ಟಾಕೀಜೊಂದರಲ್ಲಿ ಆಪರೇಟರ್ ಆಗಿದ್ದ ಈರಣ್ಣ, ಕತ್ತರಿಸಿ ಎಸೆದ ಕಪ್ಪು ರೀಲು ತಂದು ಹಂಚುತ್ತಿದ್ದ. ಅದರ ಮೇಲೆ ಸೂಜಿಯಿಂದ ಕೆರೆದದ್ದೇ ಚಿತ್ರ. ಒಬ್ಬರಿಗೆ ಒಂದು ನಿಮಿಷ. ಮಾಡಿದವರೇ ಪ್ರೊಜೆಕ್ಟರಿನ ಹಿಡಿಕೆ ತಿರುಗಿಸಬೇಕೆಂಬುದು ಒಂದೇ ನೇಮ. ನಾನು ಮಾತ್ರ ಬರಿಗೈಯಲ್ಲಿ ಹೋಗಿದ್ದೆ.

ಆ ಚೈತ್ರದಲ್ಲಿ ಈರಣ್ಣ ಜ್ವರದಿಂದ ತೀರಿಕೊಂಡಿದ್ದ. ಅವನೊಡನೆ ಹನ್ನೆರಡು ವರ್ಷ ಬಾಳಿದ ಪಾಂಡುರಂಗನನ್ನು ಹೆಣದ ಹತ್ತಿರ ಬಿಟ್ಟಿರಲಿಲ್ಲ. ಈರಣ್ಣನ ಅಣ್ಣತಮ್ಮಂದಿರು ಬಂದು ಇಬ್ಬರ ಕೋಣೆಯಲ್ಲಿದ್ದ ಫೋಟೋ, ಅಂಗಿ ಎಲ್ಲ ಒಯ್ದರು. ಈ ಕೂಟದ ಸುದ್ದಿ ಹಬ್ಬಿ ಹಲವರಿಗೆ ಮನೆಯಲ್ಲಿ ಬೈಗುಳ, ಇಬ್ಬರಿಗೆ ಗಡಿಬಿಡಿಯ ಮದುವೆ. ಈ ಸಲ ಬಂದವರು ಒಂಬತ್ತೇ ಮಂದಿ.

ಮಲಪ್ರಭೆಯ ಆಚೆ ಪಾಂಡುರಂಗ ಕಾರಕೂನನಾಗಿದ್ದ ಹಂಚಿನ ಕಾರ್ಖಾನೆ. ಮಳೆಗಾಲದಲ್ಲಿ ಹಂಚು ಒಣಗುವುದಿಲ್ಲ, ಹಂಚು ಸುಡುವ ಭಟ್ಟಿ ಹೊತ್ತಿಸುವುದಿಲ್ಲ. ಹಾಗಾಗಿ ಹಾಡಹಗಲೇ ಅದರೊಳಗೆ ಕಗ್ಗತ್ತಲು; ಅದೇ ನಮ್ಮ ಟಾಕೀಜು. ಅಲ್ಲಿ ಕರೆಂಟಿಲ್ಲದ್ದರಿಂದ ಜೋಗಪ್ಪ ದ್ಯಾಮವ್ವ ಹಸಿರು ಸೀರೆ ಎತ್ತಿ ಕಟ್ಟಿ ಹೊರಗೆ ಕನ್ನಡಿ ಹಿಡಿದು ನಿಂತಳು. ಬಿಸಿಲು ಕಟ್ಟಿಗೆ ಹಾಕುವ ಕಿಂಡಿಯಿಂದ ಪ್ರೊಜೆಕ್ಟರಿಗೆ ಬಿದ್ದು ಎದುರಿಗೆ ಪರದೆಯಾಗಿ ಕಟ್ಟಿದ ಧೋತರದ ಮೇಲೆ ಮೂಡಿತು. ಒಬ್ಬರ ಚಿತ್ರದಲ್ಲಿ ಚುಕ್ಕಿಗಳ ಮಳೆ. ಇನ್ನೊಬ್ಬರದರಲ್ಲಿ ಎರಡು ಬಳೆ ಕುಣಿಕುಣಿದು ಒಂದರೊಳಗೊಂದು ಸೇರಿದವು. ಬೆಂಕಿ ಉರಿಯುವ ಜಾಗದಲ್ಲಿ ಬಿಸಿಲು ಆಡುವುದನ್ನು ನೋಡುತ್ತ ನಾನು ಬಾಯಿ ತೆರೆದು ಕುಳಿತಿದ್ದೆ.

ಕೊನೆಗೆ ಉಳಿದದ್ದು, ಕಾರ್ಖಾನೆಯಲ್ಲಿ ಇಟ್ಟಿದ್ದರಿಂದ ಅಣ್ಣತಮ್ಮಂದಿರ ಕೈಗೆ ಸಿಗದ ಈರಣ್ಣನ ರೀಲಿನ ಡಬ್ಬಿ. ಮಾಡಿದವನೇ ಇಲ್ಲ, ತಿರುಗಿಸುವವರಾರು? ತನ್ನಿಂದಾಗದೆಂದು ಪಾಂಡುರಂಗ ಹಿಂದೆ ಸರಿದ. ಕಿಂಡಿಯಿಂದ ದ್ಯಾಮವ್ವನ ದನಿ ಬಂತು.

"ಅಂವನ ಕೈ ಹಿಡದಾಂವ ನೀನ ಅಲ್ಲೇನು? ತಿರುವು, ಯಪ್ಪಾ."

ತಿರುವಿದ. ಒಂದೇ ಒಂದು ಬಿಳಿ ಗೆರೆ ಮೆಲ್ಲಗೆ ಏರಿ, ಮೆಲ್ಲಗೆ ಇಳಿದು, ಮತ್ತೆ ಏರಿತು.

"ಇದು ನನ್ನ ಉಸಿರು," ಎಂದ ಪಾಂಡುರಂಗ. "ನಾ ಮಲಗಿದಾಗ ನೋಡಕೋತ ಕೆರದಾನ."

ಅಷ್ಟರಲ್ಲಿ ಮೋಡ. ಗೆರೆ ಅರ್ಧ ಏರಿದಲ್ಲೇ ಆರಿಹೋಯಿತು. ಪಾಂಡುರಂಗ ಹಿಡಿಕೆ ನಿಲ್ಲಿಸಿ ಬಿಕ್ಕಿದ. ಕತ್ತಲಲ್ಲಿ ಯಾರೋ ಜೋರಾಗಿ ಉಸಿರೆಳೆದು, ಆ ಗೆರೆಯ ಲಯದಲ್ಲೇ ಬಿಟ್ಟರು. ಪಕ್ಕದವರು ಸೇರಿಕೊಂಡರು. ನಾನೂ ಸೇರಿಕೊಂಡೆ. ಭಟ್ಟಿಯೇ ಉಸಿರಾಡುತ್ತಿದೆ ಎನಿಸಿತು. ಅಂಥದ್ದನ್ನು ನಾನು ಯಾವ ಗುಡಿಯಲ್ಲೂ ಕಂಡಿಲ್ಲ. ಬಿಸಿಲು ಮರಳಿದಾಗ ಗೆರೆ ನಿಂತಲ್ಲಿಂದಲೇ ಏರಿತು. ಪಾಂಡುರಂಗ ಆಮೇಲೆ ಕೊನೆಯವರೆಗೂ ಹಿಡಿಕೆ ಬಿಡಲಿಲ್ಲ.

ಹೊರಡುವಾಗ ಈರಣ್ಣ ಬಿಟ್ಟುಹೋದ ಕಪ್ಪು ರೀಲನ್ನು ಪಾಂಡುರಂಗ ಎಲ್ಲರಿಗೂ ಒಂದೊಂದು ಸುತ್ತು ಹಂಚಿದ. ಮುಂದಿನ ವರ್ಷ ಬರಿಗೈಯಲ್ಲಿ ಬಂದರೆ ಒಳಗೆ ಬಿಡುವುದಿಲ್ಲವೆಂದು ನನಗೆ ತಾಕೀತು ಮಾಡಿದ.

ಮರುದಿನ ಮನೆ ಸೇರಿದಾಗ, ಹಲಸಿಯ ಗುಡಿ ಹೇಗಿತ್ತೆಂದು ಅವ್ವ ಕೇಳಿದಳು. ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. ಚೀಲದಿಂದ ಕಪ್ಪು ರೀಲನ್ನು ಕೈಗೆ ತೆಗೆದುಕೊಂಡು, ಸೂಜಿಯ ಡಬ್ಬಿ ಎಲ್ಲಿದೆ ಎಂದು ಕೇಳಿದೆ.