ಮೊದಲು ಎರವಲು, ಆಮೇಲೆ ಖರೀದಿ

ಬೆಳಕು ಇನ್ನೂ ಬೀದಿಗೆ ಇಳಿದಿಲ್ಲ. ಹಳೆಯ ವಾಣಿಜ್ಯ ಕಟ್ಟಡವೊಂದರ ಮೆಟ್ಟಿಲ ಕೆಳಗಿರುವ ಕಿರಿದಾದ ಅಂಗಡಿಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ನಡುವಯಸ್ಸಿನ ಮಹಿಳೆಯೊಬ್ಬರು ತಮ್ಮ ಸ್ವಂತ ಕಂಪ್ಯೂಟರಿನಿಂದ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚುತ್ತಿದ್ದಾರೆ. ಅದು ಕೆಟ್ಟಿಲ್ಲ, ಮಾರಾಟಕ್ಕೂ ಇಲ್ಲ. ಪಕ್ಕದಲ್ಲಿ ಮುಚ್ಚಳ ತೆಗೆಸಿಕೊಂಡು ಮಲಗಿರುವ ಬೇರೊಬ್ಬರ ಯಂತ್ರಕ್ಕೆ ಅದು ಸ್ವಲ್ಪ ಹೊತ್ತಿನ ಎರವಲು.

ಆ ಯಂತ್ರದ ಒಡೆಯರು ಸ್ಟೂಲಿನ ತುದಿಯಲ್ಲಿ ಕೂತಿದ್ದಾರೆ. ಬೇಕರಿಯಲ್ಲಿ ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದವರು. ಹುಬ್ಬಿನ ಮೇಲೂ ಹಿಟ್ಟಿದೆ. ಅವರ ಮಗಳು ತಾಯಿಯೊಂದಿಗೆ ಬೇರೆ ಊರಿನಲ್ಲಿದ್ದಾಳೆ. ಅಪ್ಪ ಮಗಳು ಸಿಗುವುದು ಶನಿವಾರ ಬೆಳಗ್ಗೆ ಒಂದು ಗಂಟೆಯ ಹೊತ್ತು ಮಾತ್ರ, ಅದೂ ಕಂಪ್ಯೂಟರ್ ಆಟವೊಂದರಲ್ಲಿ. ಆಟದೊಳಗೆ ಮಗಳು ಒಂದು ಮನೆ ಕಟ್ಟಿದ್ದಾಳೆ. ಅವಳು ಅಪ್ಪನನ್ನು ಕರೆದು ಬಾಗಿಲು ತೆಗೆದೊಡನೆ ಅಪ್ಪನ ಪರದೆ ಕಲ್ಲಾಗಿ ನಿಲ್ಲುತ್ತದೆ, ಮರುಕ್ಷಣ ಸಂಪರ್ಕವೂ ಕಡಿಯುತ್ತದೆ. ವಾರಗಳಿಂದ ಇದೇ ಕಥೆ. ಕಳೆದ ಶನಿವಾರ ಹುಡುಗಿ ತಾಯಿಯ ಬಳಿ, ಅಪ್ಪನಿಗೆ ಇಷ್ಟವಿಲ್ಲದಿದ್ದರೆ ಈ ಆಟವೇ ಬೇಡ ಎಂದಳಂತೆ.

ಬೇಕರಿಯವರಿಗೆ ಈ ಸಲ ಒಂದೇ ಒಂದು ಭಾಗ ಬದಲಿಸುವ ಶಕ್ತಿಯಿದೆ. ಯಾವುದು? ಅವರ ಮನಸ್ಸು ಗ್ರಾಫಿಕ್ಸ್ ಕಾರ್ಡಿನ ಮೇಲೆ ಕೂತುಬಿಟ್ಟಿದೆ. ದೊಡ್ಡ ಅಂಗಡಿಯವರು ಹೇಳಿದ್ದೂ ಅದನ್ನೇ.

ಗಿರಾಕಿಗಳ ಬಾಯಲ್ಲಿ ಈ ಮಹಿಳೆ 'ಸ್ಕ್ರೂ ಅಕ್ಕ'. ರೇಡಿಯೋ ಜೋಡಿಸುವ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರು. ಕಾರ್ಖಾನೆ ಬಾಗಿಲು ಹಾಕಿದಾಗ ಗುಜರಿಯಿಂದ ಸತ್ತ ಕಂಪ್ಯೂಟರುಗಳನ್ನು ತೂಕದ ಲೆಕ್ಕದಲ್ಲಿ ತಂದು, ಬಿಚ್ಚಿ, ಜೋಡಿಸಿ ವಿದ್ಯೆ ಕಲಿತರು. ದಿನಕ್ಕೆ ಏಳೆಂಟು ಯಂತ್ರಗಳು ಅವರ ಮೇಜಿಗೆ ಬರುತ್ತವೆ. ತಗಡಿನ ಅಂಚು ತಗುಲಿ ಬೆರಳ ಗೆಣ್ಣುಗಳ ತುಂಬ ಗೀರು. ಬಗ್ಗಿ ಬಗ್ಗಿ ಕತ್ತು ಸಂಜೆಯ ಹೊತ್ತಿಗೆ ಮಾತು ಕೇಳುವುದಿಲ್ಲ. ಪಾಳಿ ಮುಗಿಸಿ ಬರುವವರಿಗಾಗಿ ನಸುಕಿಗೇ ಅಂಗಡಿ ತೆರೆಯುತ್ತಾರೆ.

ಅವರ ಕಟ್ಟಳೆ ಒಂದೇ: ಮೊದಲು ಎರವಲು, ಆಮೇಲೆ ಖರೀದಿ. ತಮ್ಮ ಕಂಪ್ಯೂಟರಿನ ಭಾಗ ಬಿಚ್ಚಿ ಗಿರಾಕಿಯ ಯಂತ್ರಕ್ಕೆ ಹಾಕಿ, ಕೂತು ಆಡಲು ಹೇಳುತ್ತಾರೆ. ತೊಂದರೆ ಹೋದರೆ ಕೊಳ್ಳಬೇಕಾದ್ದು ಅದೇ. ಮೊದಲ ಸರದಿ ಮಾತ್ರ ಯಾವಾಗಲೂ ಗಿರಾಕಿಯ ಅನುಮಾನಕ್ಕೆ. "ಅವರ ಮನಸ್ಸಲ್ಲಿರೋದನ್ನ ಮೊದಲು ನೋಡಿಬಿಡ್ಬೇಕು. ಇಲ್ಲಾಂದ್ರೆ ಮನೆಗೆ ಹೋದ್ಮೇಲೂ ಅದೇ ಕೊರೀತಿರುತ್ತೆ," ಎನ್ನುತ್ತಾರೆ. ಒಬ್ಬ ಮಹರಾಯ ಬೇರೆಲ್ಲ ಬಿಟ್ಟು ಬಣ್ಣದ ದೀಪಗಳನ್ನೇ ಮೊದಲು ಹಾಕಿಸಿಕೊಂಡು ಹೋದದ್ದನ್ನು ನೆನೆದು ಈಗಲೂ ನಗುತ್ತಾರೆ. ಆಟ ಆಮೆಯಂತೆ ತೆವಳುತ್ತಿತ್ತು, ಪೆಟ್ಟಿಗೆ ಮಾತ್ರ ಮದುವೆಮನೆಯಂತೆ ಮಿನುಗುತ್ತಿತ್ತಂತೆ.

ಇಂದು ಶನಿವಾರ, ಪರೀಕ್ಷೆಗೆ ತೊಡಕೊಂದಿದೆ. ಮನೆ ಮಗಳದು, ಅವಳು ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಏನು ಮಾಡಿದರೂ ಆ ಒಂದು ಗಂಟೆಯೊಳಗೇ ಆಗಬೇಕು.

ಬೆಳಕು ಹರಿದ ಮೇಲೆ ಮಗಳು ಆಟದೊಳಗೆ ಬರುತ್ತಾಳೆ. ಎರವಲು ಕಾರ್ಡಿನ ಕೃಪೆಯಿಂದ ಹುಲ್ಲಿನ ಎಸಳನ್ನೂ ಎಣಿಸುವಷ್ಟು ಸ್ಪಷ್ಟ. ಬೇಕರಿಯವರ ಮುಖ ಅರಳುತ್ತದೆ. ಬಾಗಿಲು ತೆಗೆಯುತ್ತಾಳೆ. ಪರದೆ ಕಲ್ಲು. ಅಕ್ಕ ಕಾರ್ಡ್ ತೆಗೆದು ತಮ್ಮ ರ್ಯಾಮ್, ಅಂದರೆ ಯಂತ್ರದ ಮೆಮೊರಿ ಪಟ್ಟಿ, ಹಾಕುತ್ತಾರೆ. ಮತ್ತೆ ಬಾಗಿಲು, ಮತ್ತೆ ಕಲ್ಲು. ಅಪ್ಪ ಮತ್ತೆ ಹೊರಟುಹೋದನೇ ಎಂದು ಕೇಳುವ ಸಣ್ಣ ದನಿ ಸ್ಪೀಕರಿನಲ್ಲಿ ಅರ್ಧಕ್ಕೆ ತುಂಡಾಗುತ್ತದೆ. ಬೇಕರಿಯವರು ಎರಡೂ ಅಂಗೈಗಳನ್ನು ತೊಡೆಗೆ ಒರೆಸಿಕೊಳ್ಳುತ್ತಾರೆ.

ಅಕ್ಕ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಒಳಗೇನೋ ನಡುಗಿದಂತಿದೆ, ಆದರೆ ಕೇಳಿಸುತ್ತಿಲ್ಲ. ಪಕ್ಕದ ಮಳಿಗೆಯಲ್ಲಿ ಬೀಗದ ಕೈ ಕೊರೆಯುವ ಯಂತ್ರ ಕಿರುಗುಡುತ್ತಿದೆ.

"ಅಣ್ಣ, ಸ್ವಲ್ಪ ನಿಲ್ಸು."

"ನಿನ್ನ ಪೆಟ್ಟಿಗೆ ನಿದ್ದೆ ಮಾಡ್ತಿದೆಯೇನಮ್ಮ?" ಎಂದು ಗೋಡೆಯಾಚೆಯಿಂದ ಕುಟುಕುತ್ತಲೇ ಬೀಗದವರು ಯಂತ್ರ ನಿಲ್ಲಿಸುತ್ತಾರೆ.

ಮೌನ. ಮಗಳು ಮೂರನೆಯ ಸಲ ಬಾಗಿಲು ತೆಗೆಯುತ್ತಾಳೆ. ಆಗ ಕೇಳಿಸುತ್ತದೆ, ಹಳೆಯ ಹಾರ್ಡ್ ಡಿಸ್ಕಿನ ಕಟಕಟ. ಹೊರಲಾರದ ಹೊರೆ ಹೊತ್ತವನ ಮೂಳೆಯ ಸದ್ದು.

ಅಕ್ಕ ತಮ್ಮ ಕಂಪ್ಯೂಟರಿನಿಂದ ಎಸ್‌ಎಸ್‌ಡಿಯನ್ನು ಕೀಳುತ್ತಾರೆ. ತಿರುಗುವ ತಟ್ಟೆಯೇ ಇಲ್ಲದ, ಬೇಡಿದ್ದನ್ನು ತಟ್ಟನೆ ಕೊಡುವ ಡಿಸ್ಕ್ ಅದು. ಆದರೆ ಇಡೀ ಆಟ ಅದಕ್ಕೆ ನಕಲಾಗಬೇಕು. ಪರದೆಯ ಮೇಲೆ ಹಸಿರು ಗೆರೆ ಬಸವನಹುಳುವಿನಂತೆ ಹರಿಯುತ್ತದೆ. ಬೇಕರಿಯವರು ಫೋನು ಮಾಡಿ, ಮಗಳ ತಾಯಿಯ ಬಳಿ ಸ್ವಲ್ಪ ಹೊತ್ತು ಹೆಚ್ಚಿಗೆ ಕೇಳಿಕೊಳ್ಳುತ್ತಾರೆ. ಆಕೆಗೆ ಮಗಳನ್ನು ಈಜಿನ ತರಗತಿಗೆ ಹೊರಡಿಸಬೇಕಿದೆ. ಆದರೂ ಸರಿ ಎನ್ನುತ್ತಾರೆ. ಗೆರೆ ಕೊನೆ ಮುಟ್ಟುವಾಗ ಉಳಿದಿರುವುದು ಕೆಲವೇ ನಿಮಿಷ.

ಬಾಗಿಲು ತೆರೆಯುತ್ತದೆ. ಬೇಕರಿಯವರು ಒಳಗೆ ನಡೆಯುತ್ತಾರೆ.

ಒಂದು ಪುಟ್ಟ ಕೋಣೆ. ಮಂಚ, ಕೆಂಪು ಹೊದಿಕೆ. ನೆಲದಿಂದ ಸೂರಿನವರೆಗೆ ಕಪಾಟುಗಳು. ಅವುಗಳಲ್ಲಿ ಕಪ್ಪೆಚಿಪ್ಪು, ಟೋಪಿ, ಲಾಂದ್ರ, ಗಾಜಿನ ಮೀನು, ಇನ್ನೂ ನೂರೆಂಟು. ಮಗಳು ವಾರವಾರವೂ ಹೊಸದನ್ನು ತಂದು ಪೇರಿಸಿದ್ದಾಳೆ. ಇಷ್ಟನ್ನೂ ಒಮ್ಮೆಗೇ ಹೊತ್ತು ತರಲಾರದೆ ಹಳೆಯ ಡಿಸ್ಕ್ ಪ್ರತಿ ಸಲ ಹೊಸ್ತಿಲಲ್ಲೇ ಕುಸಿಯುತ್ತಿತ್ತು.

"ಇದು ನಿನ್ನ ರೂಮು, ಅಪ್ಪ. ಎಷ್ಟು ಸಲ ಕರೆದೆ, ನೀನು ಬಾಗ್ಲಲ್ಲೇ ನಿಂತ್ಬಿಡ್ತೀಯ."

"ಬಂದೆ ಕಣಮ್ಮ," ಎನ್ನುತ್ತಾರೆ ಬೇಕರಿಯವರು. ಹುಬ್ಬಿನ ಹಿಟ್ಟನ್ನು ಒರೆಸುವ ನೆಪದಲ್ಲಿ ಕೈ ಕಣ್ಣಿನವರೆಗೂ ಹೋಗುತ್ತದೆ.

ಅಕ್ಕ ಬೆನ್ನು ತಿರುಗಿಸಿ, ಆಗಲೇ ಜೋಡಿಸಿಟ್ಟ ಸ್ಕ್ರೂಗಳನ್ನು ಇನ್ನೊಮ್ಮೆ ಜೋಡಿಸುತ್ತಾರೆ. ಹೊಸ ಡಿಸ್ಕ್ ತರಿಸಿಕೊಡಲು ನಾಲ್ಕಾರು ದಿನ ಬೇಕು. ಅಲ್ಲಿಯವರೆಗೆ ಎರವಲಿನದ್ದು ಯಂತ್ರದಲ್ಲೇ ಇರಲಿ ಎಂದು ಮುಚ್ಚಳ ಹಾಕಿ ಬಿಗಿಯುತ್ತಾರೆ. ಕಾರ್ಡಿನ ಮಾತನ್ನು ಬೇಕರಿಯವರು ಮತ್ತೆ ಎತ್ತುವುದಿಲ್ಲ.

ಅವರು ಯಂತ್ರವನ್ನು ಕೂಸಿನಂತೆ ಎದೆಗವಚಿಕೊಂಡು ಹೋದ ಮೇಲೆ, ನಿಮಗೂ ಒಂದು ಆಸೆ ಇರಬೇಕಲ್ಲ ಎಂದು ಕೇಳಿದರೆ ಅಕ್ಕ ನಾಚುತ್ತಾರೆ.

"ಯಾವ ಆಟ ಬೇಕಾದ್ರೂ ಕೇಳಿ, ಮೊದಲ ಹತ್ತು ನಿಮಿಷ ನಂಗೆ ಬಾಯಿಪಾಠ. ಅಷ್ಟರಲ್ಲಿ ಯಂತ್ರ ಸರಿಹೋಗಿರುತ್ತೆ, ಗಿರಾಕಿ ಎತ್ಕೊಂಡು ಹೋಗ್ತಾರೆ. ಒಂದು ಆಟನಾದ್ರೂ ಕೊನೇವರೆಗೆ ಆಡ್ಬೇಕು ಅಂತಿದೆ," ಎಂದು ಕತ್ತು ನೀವಿಕೊಳ್ಳುತ್ತಾರೆ. "ಈ ವಾರ ಆಗಲ್ಲ ಬಿಡಿ. ನನ್ನ ಡಿಸ್ಕು ಆ ಮಗು ಕಟ್ಟಿದ ಮನೇಲಿದೆ."