ಜಾಳು ಬಟ್ಟೆಯ ಪರದೆ

ಶಾಂತಪ್ಪ ಮಾವನಿಗೆ ಬಟ್ಟೆಯ ವಿಷಯದಲ್ಲಿ ಬುದ್ಧಿ ಹೇಳುವವರು ಶಹಾಪುರದಲ್ಲಿ ಇನ್ನೂ ಹುಟ್ಟಿಲ್ಲ. ಹಾಗಂತ ಅವನೇ ಹೇಳುತ್ತಾನೆ. ಅಪ್ಪನ ಕಾಲದಿಂದಲೂ ಅವರದು ಅರಿವೆ ಅಂಗಡಿ. ಬಟ್ಟೆಯ ಯಾವ ಥಾನು ಬಂದರೂ ಮೊದಲು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿಯುತ್ತಾನೆ. ಬೆಳಕು ತೂರಿ ಬಂತೋ, "ಜಾಳ ಮಾಲ್, ವಾಪಸ್ ಒಯ್ಯಪಾ" ಎಂದು ಅಲ್ಲಿಗೇ ಮುಗಿಸುತ್ತಾನೆ.

ಅಂಥವನು ಮನೆಯ ಮೇಲಿನ ಕೋಣೆಯಲ್ಲಿ ಸಣ್ಣದೊಂದು ಟಾಕೀಸು ಮಾಡಿಸಲು ಹೊರಟ. ಶೋಕಿಗಲ್ಲ. ಅವನ ಹೆಂಡತಿ ಗೊಲ್ಲಾಳಮ್ಮ ನನ್ನ ಅಕ್ಕ. ಅವಳ ಕಿವಿ ಮಂದವಾಗುತ್ತ ಬಂದಿತ್ತು. ಕಿವಿಗೆ ಹಾಕುವ ಮಷೀನು ತಂದುಕೊಟ್ಟರೆ, ಗುಂಯ್ ಅನ್ನುತ್ತದೆ ಎಂದು ಡಬ್ಬಿಯಲ್ಲೇ ಇಟ್ಟಳು. ಟಿವಿ ಮುಂದೆ ಎಲ್ಲರೂ ನಕ್ಕ ಮೇಲೆ, ಅವರ ಮುಖ ನೋಡಿ ತಾನೂ ನಗುತ್ತಿದ್ದಳು. ಹಿಂದೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳೇ ಅವಳು! ಮಾವನಿಗೆ ಅದನ್ನು ನೋಡಲಾಗುತ್ತಿರಲಿಲ್ಲ, ನನಗೂ.

ನನಗೆ ಯಾದಗಿರಿಯಲ್ಲಿ ಸ್ಪೀಕರ್ ಅಂಗಡಿಯಿದೆ. ಸ್ಪೀಕರನ್ನು ಪರದೆಯ ಹಿಂದೆಯೇ ಇಟ್ಟರೆ ಮಾತು ಚಿತ್ರದ ಬಾಯಿಂದಲೇ ಬರುತ್ತದೆ, ಯಾರು ಮಾತಾಡಿದರೆಂದು ಅಕ್ಕ ಹುಡುಕಬೇಕಿಲ್ಲ ಎಂದೆ. ಮಾವ ಒಪ್ಪಿದ. ಬಾಗಿಲಗಲದ ಎರಡು ಥರದ ಪರದೆ ತುಂಡು ಒಯ್ದೆ. ಒಂದು ದಪ್ಪನೆಯದು, ರಬ್ಬರಿನಂತೆ ನುಣ್ಣಗಿತ್ತು. ಇನ್ನೊಂದು ದನಿ ದಾಟಲೆಂದೇ ಸಣ್ಣ ಸಣ್ಣ ತೂತು ಬಿಟ್ಟು ನೇಯ್ದದ್ದು. ಮಾವ ಎರಡನೆಯದನ್ನು ಎತ್ತಿಕೊಂಡು ನೇರ ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದ.

"ಇದೇನೋ ಸಂಗು, ಹಿಟ್ಟು ಸಾಣಿಸೂ ಅರಿವಿ ತಂದೀಯಲ್ಲ! ನನ್ನ ಹೇಣ್ತಿ ಖೋಲ್ಯಾಗ ಜಾಳ ಮಾಲ್ ಕಟ್ಟಲೇನು?"

"ಮಾವಾ, ತೂತಿದ್ರೇ ದನಿ ದಾಟ್ತದ್ರಿ."

"ನನಗ ಅರಿವಿ ಕಲಸಾಕತ್ತೀಯೇನು?"

ನನಗೆ ಸಿಟ್ಟು ನೆತ್ತಿಗೇರಿತು. "ಆಯ್ತು, ಎರಡೂ ಒಂದಾದ ಮ್ಯಾಲ ಒಂದು ಬಾಗಿಲಿಗಿ ಕಟ್ತೀನಿ. ನೀವು ಹಿಂದ ನಿಂತು ಮಾತಾಡ್ರಿ. ಅಕ್ಕನೇ ಹೇಳ್ಲಿ" ಅಂದೆ.

ಅಕ್ಕನನ್ನು ಎದುರಿಗೆ ಕೂರಿಸಿ ಮೊದಲು ದಪ್ಪನೆಯದನ್ನು ಕಟ್ಟಿದೆ. ಮಾವ ಅದರ ಹಿಂದೆ ನಿಂತು ಮಾಮೂಲಿ ದನಿಯಲ್ಲಿ ಕೇಳಿದ: "ಏ ಗೊಲ್ಲಾಳಮ್ಮ, ನಾ ಇನ್ನೊಂದು ಮದಿವಿ ಆಗ್ಲೇನು?"

"ಹ್ಞೂಂ" ಅಂದಳು ಅಕ್ಕ, ಪ್ರೀತಿಯಿಂದ ತಲೆಯಾಡಿಸಿ.

ನಗಬೇಕೆಂದುಕೊಂಡೆ, ಆಗಲಿಲ್ಲ. ಎಷ್ಟು ಕಾಲದಿಂದ ನಮ್ಮ ಮಾತಿಗೆಲ್ಲ ಅವಳು ಹೀಗೇ ಹ್ಞೂಂಗುಟ್ಟಿದ್ದಳೋ, ಶಿವನಿಗೇ ಗೊತ್ತು.

ಅದನ್ನು ಬಿಚ್ಚಿ ಜಾಳು ಪರದೆ ಕಟ್ಟಿದೆ. ಮಾವ ಅದೇ ಮಾತನ್ನು ಮತ್ತೆ ಕೇಳಿದ. ಈ ಸಲ ದನಿ ಜೋರಾಗಲಿಲ್ಲ, ಬದಲಿಗೆ ಸ್ವಲ್ಪ ನಡುಗಿತು.

ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಆಗ್ರಿ, ಯಾರ್ ಬ್ಯಾಡಂದಾರ? ಖರೆ ನಿಮ್ಮ ಗೊರಕಿ ತಡ್ಕೊಳ್ಳಾಕ ಆಕಿಗೂ ನನ್ನಂಥ ಕಿವೀನೇ ಬೇಕಾಗ್ತಾವ ನೋಡ್ರಿ!"

ಹಾಗೆಂದವಳೇ ನಮ್ಮೆಲ್ಲರಿಗಿಂತ ಮೊದಲು ನಕ್ಕಳು.

ಮಾವ ಪರದೆಯ ಹಿಂದಿನಿಂದ ಹೊರಬರಲು ತಡಮಾಡಿದ. ಬಂದಾಗ ಕಣ್ಣು ಕೆಂಪಾಗಿದ್ದವು.

"ಸಂಗು," ಅಂದ, "ಜಾಳ ಮಾಲೇ ಹಾಕಪಾ."